ಎಲ್ಲರೆದುರು ತಿಂದ ಮೀನು

ವಸಂತದ ಹಬ್ಬದ ಮಾರನೆಯ ದಿನ, ಮಂಗಳವಾರ ಬೆಳಿಗ್ಗೆ, ದರ್ಜಿ ಝಕರಿಯಾ ನೈಲ್ ದಂಡೆಯ ಠಾಣೆಗೆ ದೂರು ತಂದ. ಹಬ್ಬದ ಉಪ್ಪುಮೀನು ಫಸೀಖ್ ತಿಂದ ಹೆಂಡತಿಗೆ ರೆಪ್ಪೆ ಎತ್ತಲಾಗುತ್ತಿಲ್ಲ, ಗಂಟಲಲ್ಲಿ ನೀರೂ ಇಳಿಯುತ್ತಿಲ್ಲ. ಮೀನಿನ ವಿಷವೆಂದು ಆಸ್ಪತ್ರೆಯ ವೈದ್ಯೆ ಬರೆದುಕೊಟ್ಟಿದ್ದರು.

"ಎಲ್ಲಿಂದ ತಂದೆ?" ಇನ್‌ಸ್ಪೆಕ್ಟರ್ ವಗ್ದಿ ಕೇಳಿದರು.

"ಇನ್ನೆಲ್ಲಿಂದ ಸಾಹೇಬ್ರೇ? ಶತ್ತಾ ಅಂಗಡೀದು. ನಮ್ಮಜ್ಜನ ಕಾಲದಿಂದ ಅಲ್ಲೇ."

ಊರಿಗೆ ಊರೇ ಅಲ್ಲಿ ಕೊಳ್ಳುತ್ತಿತ್ತು. ಹಬ್ಬದಲ್ಲಿ ಉಳಿದ ಮೀನು ಇನ್ನೂ ಮನೆಮನೆಯಲ್ಲಿತ್ತು. ಎಫ್‌ಐಆರ್ ದಾಖಲಿಸಿ ವಗ್ದಿ ಪಂಚನಾಮೆಗೆ ಹೊರಟರು.

ಕಾನ್‌ಸ್ಟೆಬಲ್ ಬಯೂಮಿ ಮೀನಿನ ಪೀಪಾಯಿಗೆ ಮೊಹರು ಹಾಕಲು ಹೋದಾಗ ಅಂಗಡಿಯ ರಮ್ಝಿ ಶತ್ತಾ ಅಡ್ಡ ನಿಂತು ವಗ್ದಿಯತ್ತ ತಿರುಗಿದ.

"ನಮ್ಮಪ್ಪನ ಪೀಪಾಯಿಗೆ ಮೊಹರಾ? ನಿಮ್ಮ ಮದುವೇಲಿ ಬೆರಳು ಚೀಪ್ಕೊಂಡು ತಿಂದ್ರಲ್ಲ, ಆಗ ಹಾಕ್ಬೇಕಿತ್ತು!"

ಸೇರಿದ್ದ ಜನ ನಕ್ಕರು. ರಮ್ಝಿ ಒಂದು ಮೀನೆತ್ತಿ ಸಿಗಿದು, ನಿಂಬೆ ಹಿಂಡಿ, ಎಲ್ಲರೆದುರು ತಿಂದ. ವಗ್ದಿ ಅವನ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಮೀನು ಒಳ್ಳೆಯದೇ ಇರಲಿ ಎಂದು ಅವರ ಮನಸ್ಸೂ ಬಯಸುತ್ತಿತ್ತು.

ಸಂಜೆ ವಗ್ದಿ ಮಸೀದಿಯ ಮೈಕಿನಲ್ಲಿ, ಮೀನು ಎಸೆಯಿರಿ ಎಂದು ಸಾರಿಸಿದರು. ಅಷ್ಟರಲ್ಲಿ ರಮ್ಝಿ ತಿಂದು ತೋರಿಸಿದ ಸುದ್ದಿ ಊರೆಲ್ಲ ಸುತ್ತಿತ್ತು.

ಬುಧವಾರ ವಾರ್ಡು ತುಂಬಿತು, ಔಷಧಿ ಮುಗಿಯಿತು. ಗುರುವಾರ ದರ್ಜಿಯ ಹೆಂಡತಿ ತೀರಿಕೊಂಡಳು. ಮಿಂಚಿಹೋದದ್ದಕ್ಕೆ ಚಿಂತಿಸಿ ಫಲವಿಲ್ಲ ಅನ್ನುವವರು ಆ ವಾರ್ಡಿಗೊಮ್ಮೆ ಹೋಗಿ ಬರಲಿ. ಮೂಲೆಯ ಹಾಸಿಗೆಯಲ್ಲಿ ರಮ್ಝಿಯೂ ಇದ್ದ, ನಾಲಿಗೆ ತೊದಲುತ್ತಿತ್ತು.

"ಮೀನು ಉಪ್ಪಲ್ಲಿ ಹದಕ್ಕೆ ಬಂದಿತ್ತಾ?" ವಗ್ದಿ ಕೇಳಿದರು.

"ಇಲ್ಲ."

"ಗೊತ್ತಿದ್ದೂ ಮಾರಿದೆಯಾ?"

"ಅಪ್ಪ ಸತ್ತ ಮೇಲೆ ಮೊದಲ್ನೇ ಹಬ್ಬ. ಬಾಗ್ಲು ಹಾಕಿದ್ರೆ, ಅಂಗಡಿ ಅಪ್ಪನ ಜೊತೇಲೇ ಹೋಯ್ತು ಅಂತಿದ್ರು."

"ಸರಿ, ನೀನ್ಯಾಕೆ ತಿಂದೆ?"

"ಎಲ್ರೂ ನೋಡ್ತಿದ್ರಲ್ಲ ಸಾಹೇಬ್ರೇ."

ಶುಕ್ರವಾರ ಬಂಧನದ ಆದೇಶ ಬಂದಾಗ ರಮ್ಝಿಯ ರೆಪ್ಪೆ ಮುಚ್ಚಿತ್ತು, ಉಸಿರು ಯಂತ್ರದ್ದು. ಕಿವಿ ಮಾತ್ರ ಕೇಳುತ್ತದೆ ಎಂದರು ವೈದ್ಯೆ. ವಗ್ದಿ ಬಗ್ಗಿ ಅವನ ಕಿವಿಯಲ್ಲಿ ಆದೇಶ ಓದಿದರು. ಬೇಡಿ ತಂದಿದ್ದ ಬಯೂಮಿ ಅದನ್ನು ಜೇಬಿಗೇ ಹಾಕಿಕೊಂಡ.

ಹೊರಗೆ ಬೆಂಚಿನ ಮೇಲೆ, ಬೆಳಿಗ್ಗೆಯಷ್ಟೇ ಮಗನನ್ನು ಕಳೆದುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಹೇಳಿಕೆ ಕೊಡಬೇಕೆಂದಳು. ವಗ್ದಿ ಪೆನ್ನು ತೆಗೆದರು.

"ಮೈಕಿನಲ್ಲಿ ಸಾರಿದ್ದು ಕೇಳಿಸ್ಲಿಲ್ವೇನಮ್ಮ?"

"ಕೇಳಿಸ್ತು. ಆದ್ರೆ ಅವ್ನು ತಿನ್ನೋವಾಗ ಇನ್‌ಸ್ಪೆಕ್ಟರ್ ಸಾಹೇಬ್ರು ಪಕ್ಕದಲ್ಲೇ ನಿಂತಿದ್ರಂತೆ, ತಡೀಲಿಲ್ವಂತೆ. ಅದಕ್ಕೇ ಮಗನಿಗೆ ಬಡಿಸಿದೆ."

ಆಕೆಗೆ ಅವರ ಗುರುತಿರಲಿಲ್ಲ. ವಗ್ದಿ ಅದನ್ನೂ ಬರೆದುಕೊಂಡರು, ಓದಿ ಹೇಳಿದರು, ಹೆಬ್ಬೆಟ್ಟು ಒತ್ತಿಸಿಕೊಂಡು ಕೆಳಗೆ ತಮ್ಮ ಸಹಿ ಹಾಕಿದರು.