ಲೋಹಪೂರಕ ಮುಚ್ಚಿದ ರಂಧ್ರ

ಲೋಹಪೂರಕದ ಗಾಜಿನ ಗೂಡಿನೊಳಗೆ ಕಾರ್ಬುರೇಟರ್ ನಿಧಾನವಾಗಿ ತಿರುಗುತ್ತಿತ್ತು. ಕೂದಲಿಗಿಂತ ತೆಳುವಾದ ನೀಲಿ ಕಿರಣವೊಂದು ಅದರ ಸಂದುಗೊಂದುಗಳನ್ನೆಲ್ಲ ತಡಕಾಡಿ, ಲೋಹ ಸವೆದ ಕಡೆ ಹೊಸ ಲೋಹದ ಕಣಗಳನ್ನು ಕೂಡಿಸುತ್ತ ಹೋಗುತ್ತಿತ್ತು. ಎದುರಿಗೆ ಸ್ಟೂಲಿನ ಮೇಲೆ ಕುಳಿತಿದ್ದ ದಾವಲ್‌ಸಾಬರು ಆಪರೇಷನ್ ಕೋಣೆಯ ಹೊರಗೆ ಕುಳಿತವರ ಹಾಗೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಲಕ್ಷ್ಮೇಶ್ವರದ ಸುತ್ತಮುತ್ತ ಅವರನ್ನು ‘ಕಾರ್ಬುರೇಟರ್ ದಾವಲ್‌ಸಾಬ’ ಎಂದೇ ಕರೆಯುತ್ತಿದ್ದರು. ಆ ಹೆಸರು ತಂದುಕೊಟ್ಟದ್ದು ಈ ಕಾರ್ಬುರೇಟರ್ ಸೇರಿದ್ದ ಟ್ರ್ಯಾಕ್ಟರ್. ಯರೆಕೊಪ್ಪದ ಫಕೀರವ್ವನವರ ಮಾವ ಯಾವ ಕಾಲದಲ್ಲೋ ಕೊಂಡದ್ದು. ಈಗ ಅದಕ್ಕೆ ನೂರು ವರ್ಷ. ಸೀಮೆಎಣ್ಣೆಯಿಂದ ಓಡುತ್ತಿದ್ದ ಯಂತ್ರ. ನಲವತ್ತು ವರ್ಷದ ಹಿಂದೆ ಸೀಮೆಎಣ್ಣೆ ಸಿಗುವುದು ನಿಂತಾಗ ದಾವಲ್‌ಸಾಬರು ಆರು ದಿನ ಹೆಣಗಾಡಿ ಅದನ್ನು ಕಬ್ಬಿನ ಮದ್ಯಸಾರದಿಂದ ಓಡುವ ಹಾಗೆ ಮಾಡಿದ್ದರು. ಅಂದಿನಿಂದ ಅವರ ಗ್ಯಾರೇಜಿನ ಬಾಗಿಲು ಬರಿದಾದದ್ದೇ ಇಲ್ಲ. ಮೂರು ಮಕ್ಕಳು ಓದಿದ್ದೂ ಆ ಹೆಸರಿನ ಮೇಲೆಯೇ.

ಆಮೇಲೆ ತಾನೇ ಓಡುವ ಬಿತ್ತನೆಗಾಡಿಗಳು ಬಂದವು. ಹಳೆಯ ಟ್ರ್ಯಾಕ್ಟರ್ ಕೊಟ್ಟಿಗೆ ಸೇರಿತು. ಹೊಸ ಗಾಡಿಗಳಿಗೆ ಸ್ಟೀರಿಂಗೂ ಇಲ್ಲ, ಕೂರಲು ಸೀಟೂ ಇಲ್ಲ. ಉಪಗ್ರಹ ತೋರಿಸಿದ ಜಾಡಿನಲ್ಲಿ ಅವು ನಡೆಯುತ್ತಿದ್ದವು. ಹೋದ ವಾರ ಸೂರ್ಯನಿಂದ ಎದ್ದ ಮಹಾಮಾರುತವೊಂದು ಅರ್ಧದಷ್ಟು ಉಪಗ್ರಹಗಳನ್ನು ಮೂಕವಾಗಿಸಿತು. ಬಿತ್ತನೆಗಾಡಿಗಳು ನಿಂತಲ್ಲೇ ನಿಂತವು. ಸಂಕೇತ ಮರಳಲು ಎರಡು ವಾರವಾದರೂ ಬೇಕೆಂದು ಸುದ್ದಿ ಬಂತು. ಎರೆಮಣ್ಣಿನ ಹಸಿ ಅಷ್ಟು ದಿನ ಕಾಯುವುದಿಲ್ಲ. ಹಿಂಗಾರಿ ಜೋಳ ಬಿತ್ತಲು ಯರೆಕೊಪ್ಪದವರಿಗೆ ಉಳಿದದ್ದು ನಾಲ್ಕೇ ದಿನ. ಊರಿನಲ್ಲಿ ಎತ್ತುಗಳಿರಲಿಲ್ಲ. ಮನುಷ್ಯ ಹತ್ತಿ ಕೂತು ಓಡಿಸಬಹುದಾದ ಯಂತ್ರವೆಂದರೆ ಫಕೀರವ್ವನವರ ಕೊಟ್ಟಿಗೆಯಲ್ಲಿದ್ದದ್ದೊಂದೇ.

ಆದರೆ ಅದರ ಕಾರ್ಬುರೇಟರ್ ಪೂರ್ತಿ ಸವೆದಿತ್ತು. ಗಾಳಿ ಮತ್ತು ಇಂಧನವನ್ನು ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವುದು ಅದರ ಕೆಲಸ. ಗಾಳಿಬಾಗಿಲಿನ ದಂಡ ಕೂರುವ ರಂಧ್ರ ಸವೆದು ಅಗಲವಾಗಿ, ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿತ್ತು. ಇಂಧನ ತಡೆಯುವ ಸೂಜಿ ಮೊಂಡಾಗಿ ಮದ್ಯಸಾರ ಸುರಿದುಹೋಗುತ್ತಿತ್ತು. ಬಿಡಿಭಾಗ ಲೋಕದಲ್ಲೆಲ್ಲೂ ಸಿಗುವಂತಿರಲಿಲ್ಲ. ದಾವಲ್‌ಸಾಬರು ಧಾರವಾಡದ ಪ್ರಯೋಗಾಲಯಕ್ಕೆ ಫೋನ್ ಮಾಡಿ ಅಂಗಲಾಚಿದಾಗ ಡಾ. ಇಂದುಧರ ಮುಳಗುಂದ ತಾವು ಕಟ್ಟಿದ ಲೋಹಪೂರಕವನ್ನು ವ್ಯಾನಿನಲ್ಲಿ ಹೇರಿಕೊಂಡು ಆ ಕೊಟ್ಟಿಗೆಗೆ ತಾವೇ ಬಂದಿದ್ದರು.

“ಇದಕ್ಕ ಹಳೇ ನಕ್ಷೆ ಬೇಕಾಗೂದಿಲ್ಲೇನ್ರಿ?” ಎಂದು ದಾವಲ್‌ಸಾಬರು ಕೇಳಿದರು.

“ಬೇಕಿಲ್ರಿ. ಸವೆದ ಲೋಹನ ಅದಕ್ಕ ನಕ್ಷೆ. ಎಷ್ಟು ಉಳದೈತಿ ಅನ್ನೂದರ ಮ್ಯಾಲೆ ಮೊದಲು ಎಷ್ಟಿತ್ತು ಅಂತ ಲೆಕ್ಕ ಹಾಕ್ತದ. ಹುಟ್ಟಿದ ದಿನ ಹ್ಯಾಂಗಿತ್ತೋ ಹಾಂಗ ಮಾಡಿಕೊಡ್ತದ.”

ಹಾಗೆಯೇ ಮಾಡಿಕೊಟ್ಟಿತು. ಗೂಡಿನ ಬಾಗಿಲು ತೆರೆದಾಗ ಕಾರ್ಬುರೇಟರ್ ಕಾರ್ಖಾನೆಯಿಂದ ಆಗಷ್ಟೇ ಬಂದಂತೆ ಹೊಳೆಯುತ್ತಿತ್ತು. ದಂಡ ಒಂದಿಷ್ಟೂ ಅಲುಗಾಡದೆ ಕುಳಿತಿತ್ತು. ದಾವಲ್‌ಸಾಬರು ಅದನ್ನು ಕಣ್ಣಿಗೊತ್ತಿಕೊಂಡು ಎಂಜಿನ್ನಿಗೆ ಬಿಗಿದರು. ನೆರೆದಿದ್ದ ಊರಿನವರಲ್ಲಿ ಗಟ್ಟಿಮುಟ್ಟಾದವನೊಬ್ಬ ಹ್ಯಾಂಡಲ್ ಹೊಡೆದ. ಎಂಜಿನ್ ಕೆಮ್ಮಿತು, ಎರಡು ಸಲ ಠುಸ್ಸೆಂದಿತು, ನಿಂತಿತು. ಮತ್ತೆ ಹೊಡೆದರು. ಮತ್ತೆ ಅದೇ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನರ ರಟ್ಟೆ ಸೋತವು.

ದಾವಲ್‌ಸಾಬರು ಕಿಡಿ ಹೊತ್ತಿಸುವ ಪ್ಲಗ್ಗನ್ನು ಬಿಚ್ಚಿ ನೋಡಿದರು. ಒಣಗಿ ಬಿಳಿಚಿಕೊಂಡಿತ್ತು. “ಇಂಧನ ಸಾಲವಲ್ದು,” ಎಂದರು. ಮುಖ್ಯ ನಳಿಕೆಯನ್ನು, ಅಂದರೆ ಇಂಧನ ಚಿಮ್ಮುವ ಹಿತ್ತಾಳೆಯ ಸಣ್ಣ ತುಂಡನ್ನು, ಬಿಚ್ಚಿ ಬೆಳಕಿಗೆ ಹಿಡಿದರು. ಅದರ ನಡುವಿನ ರಂಧ್ರ ಸಾಸಿವೆಗಿಂತಲೂ ಸಣ್ಣದಾಗಿತ್ತು.

ಇಂದುಧರರಿಗೆ ತಪ್ಪು ಹೊಳೆಯಿತು, ಮುಖ ಸಣ್ಣದಾಯಿತು. ಸೀಮೆಎಣ್ಣೆಗಿಂತ ಮದ್ಯಸಾರ ಹೆಚ್ಚು ಬೇಕಾಗುತ್ತದೆ. ಅದಕ್ಕೆಂದೇ ಹಿಂದೆ ಆ ರಂಧ್ರವನ್ನು ಅಗಲ ಮಾಡಿರಬೇಕು. ಲೋಹಪೂರಕ ಅದನ್ನೂ ಸವೆತವೆಂದೇ ತಿಳಿದು ಮುಚ್ಚಿಬಿಟ್ಟಿತ್ತು. ಅದಕ್ಕೆ ಕೂಡಿಸುವುದು ಗೊತ್ತು, ಕಳೆಯುವುದು ಗೊತ್ತಿಲ್ಲ.

“ನಲವತ್ತು ವರ್ಷದ ಹಿಂದ ನೀವು ಎಷ್ಟು ಅಗಲ ಮಾಡಿದ್ರಿ, ನೆನಪೈತೇನ್ರಿ?” ಎಂದು ಕೇಳಿದರು.

ದಾವಲ್‌ಸಾಬರು ತಬ್ಬಿಬ್ಬಾದರು. “ನಾನು ಆ ನಳಿಕಿ ಮುಟ್ಟೇ ಇಲ್ರಿ. ಆರನೇ ದಿನ ಸೋತು, ಎಲ್ಲಾ ಬಿಚ್ಚಿ ಇದ ಕೊಟ್ಟಿಗ್ಯಾಗ ಟೇಬಲ್ ಮ್ಯಾಲಿಟ್ಟು ಮನಿಗೆ ಹೋದೆ. ಮರುದಿನ ಬಂದು ಜೋಡಿಸಿದೆ, ಒಂದ ಹ್ಯಾಂಡಲಿಗೆ ಚಾಲೂ ಆತು. ಹಿಂದಿನ ದಿನ ನಾ ಮಾಡಿದ್ದ ಯಾವುದೋ ಒಂದು ತಿರುವು ಸರಿಯಾಗಿ ಕುಂತಿತ್ತು ಅಂತ ತಿಳಕೊಂಡೆ.”

ಇಂದುಧರರು ಪರದೆಯ ಮೇಲೆ ಪೂರಣದಾಖಲೆಯನ್ನು ತೆರೆದರು. ಯಾವ ಕಣವನ್ನು ಎಲ್ಲಿ ಕೂಡಿಸಿದೆ, ಅದಕ್ಕೆ ಮೊದಲು ಆ ಜಾಗ ಹೇಗಿತ್ತು ಎಂಬುದನ್ನೆಲ್ಲ ಯಂತ್ರ ಬರೆದಿಟ್ಟುಕೊಂಡಿತ್ತು. ರಂಧ್ರದ ಹಳೆಯ ಗೋಡೆ ಬಾವಿಯಷ್ಟು ದೊಡ್ಡದಾಗಿ ಮೂಡಿತು. ಗೋಡೆಯ ತುಂಬ ಸುರುಳಿ ಸುರುಳಿಯಾದ ಗೀರುಗಳು.

“ಸವೆತ ಆಗಿದ್ರ ಗೋಡಿ ನುಣ್ಣಗಿರತಿತ್ತು. ಇವು ಕೈಯಿಂದ ತಿರುವಿದ ಗೀರು. ಮೂರು ಮೂಲಿ ಇರೋ ಚೂಪಾದ ಸಾಮಾನು.” ಅವರು ಪರದೆಯನ್ನು ತಿರುಗಿಸಿ ನೋಡಿದರು. “ಒತ್ತು ಬಿದ್ದದ್ದು ನೋಡಿದ್ರ ತಿರುವಿದವರು ಎಡಗೈಯವರು. ನೀವು?”

“ಬಲಗೈ ರೀ.”

ದಾವಲ್‌ಸಾಬರು ಸುಮ್ಮನೆ ಅತ್ತಿತ್ತ ನೋಡಿದರು. ಕೊಟ್ಟಿಗೆಯ ಮೂಲೆಯಲ್ಲಿ ಫಕೀರವ್ವ ಹರಿದ ಬೀಜದ ಚೀಲವೊಂದನ್ನು ಮೂರು ಮೂಲೆ ಮೊನೆಯ ದಬ್ಬಣದಿಂದ ಹೊಲಿಯುತ್ತ ಕುಳಿತಿದ್ದರು. ದಬ್ಬಣ ಅವರ ಎಡಗೈಯಲ್ಲಿತ್ತು. ಅವರು ತಲೆ ಎತ್ತಲಿಲ್ಲ.

“ಅಕ್ಕಾರ,” ಎಂದರು ದಾವಲ್‌ಸಾಬರು. “ನೀವೇನ್ರಿ?”

ಫಕೀರವ್ವ ದಾರ ಕಡಿದು ಗಂಟು ಹಾಕಿದರು. “ಆರು ದಿನ ನೀವು ಒಂದ ಮಾತು ಬಡಕೊಂತಿದ್ರಿ ದಾವಲಣ್ಣ, ಎಣ್ಣಿ ಸಾಲವಲ್ದು, ಎಣ್ಣಿ ಸಾಲವಲ್ದು ಅಂತ. ಸಾಲದಿದ್ರ ತೂತು ದೊಡ್ಡದು ಮಾಡಬೇಕು. ನನಗ ತಿಳಿದದ್ದು ಅಷ್ಟ. ನೀವು ಮನಿಗೆ ಹೋದಿರಿ, ದಬ್ಬಣ ಹಾಕಿ ತಿರುವಿದೆ.”

“ಮತ್ತ ಹೇಳಲಿಲ್ಲಲ್ರಿ!”

“ಹೆಂಗ ಹೇಳ್ಲಿ? ಗ್ಯಾರೇಜ್ ತೆಗೆದು ನಿಮಗ ಎರಡು ತಿಂಗಳಾಗಿತ್ತು. ದಾವಲ್‌ಸಾಬಗ ಆಗದ್ದು ಹೆಣ್ಣಮಗಳು ಮಾಡಿದ್ಲು ಅಂತ ಸುದ್ದಿ ಹಬ್ಬಿದ್ರ ನಿಮ್ಮ ಬಾಗಲಿಗೆ ಮತ್ಯಾರು ಬರ್ತಿದ್ರು? ನಿಮ್ಮನಿಯಾಕಿ ಬಸರಿದ್ಲು ಆಗ. ಉಳಿದದ್ದೆಲ್ಲಾ ನೀವ ಮಾಡಿದ್ರಿ. ನಂದು ಒಂದು ತೂತು.”

ದಾವಲ್‌ಸಾಬರು ತಮ್ಮ ಎರಡು ಕೈಗಳನ್ನು ನೋಡಿಕೊಂಡರು. ಆ ಕೈಗಳು ಈಚೆಗೆ ನಡುಗುತ್ತಿದ್ದವು. ಅಷ್ಟು ಸೂಕ್ಷ್ಮ ಕೆಲಸ ಇನ್ನು ಅವಕ್ಕೆ ಒಗ್ಗದು. ಆಮೇಲೆ ಎದ್ದು ಹೋಗಿ ನಳಿಕೆಯನ್ನು ಫಕೀರವ್ವನವರ ಅಂಗೈಯಲ್ಲಿಟ್ಟರು.

“ಇನ್ನೊಮ್ಮೆ ತಿರುವ್ರಿ ಅಕ್ಕಾರ. ಈ ಸಲ ಎಲ್ಲಾರೂ ನೋಡ್ಲಿ.”

ಫಕೀರವ್ವ ದಬ್ಬಣ ಹಿಡಿದು ಸ್ಟೂಲಿನ ಮೇಲೆ ಕುಳಿತರು. ದಾವಲ್‌ಸಾಬರು ಭೂತಗನ್ನಡಿ ಹಿಡಿದರು. ಇಂದುಧರರು ದಾಖಲೆಯ ಅಳತೆ ನೋಡುತ್ತ “ಇನ್ನೂ ಸ್ವಲ್ಪ... ಇನ್ನೊಂದು ಸುತ್ತು... ಸಾಕ್ರಿ” ಎಂದರು. ಹಿತ್ತಾಳೆಯ ಪುಡಿ ಫಕೀರವ್ವನವರ ಸೆರಗಿನ ಮೇಲೆ ಉದುರಿತು.

ಎರಡನೆಯ ಹ್ಯಾಂಡಲಿಗೆ ಎಂಜಿನ್ ಹತ್ತಿಕೊಂಡಿತು. ಮೊದಲು ತಡವರಿಸಿ, ಆಮೇಲೆ ಒಂದೇ ಲಯದಲ್ಲಿ ಗುಡುಗತೊಡಗಿತು. ಜನ ಕೇಕೆ ಹಾಕಿದರು. ದಾವಲ್‌ಸಾಬರು ಎಂಜಿನ್ನಿನ ಸದ್ದನ್ನು ಮೀರಿಸಿ ಕೂಗಿ ಹೇಳಿದರು: ನಲವತ್ತು ವರ್ಷ ಊರೆಲ್ಲ ತಮಗೆ ಹೇಳಿದ ಶಹಬ್ಬಾಸಿನಲ್ಲಿ ಅರ್ಧ ಈ ತಾಯಿಯದು ಎಂದು. ಹೇಳುತ್ತಿದ್ದಂತೆ ಅವರ ಕಣ್ಣು ತುಂಬಿದವು. ಎದೆಯೊಳಗೆ ಮಾತ್ರ ಎಂದೂ ಕಾಣದ ಹಗುರ. ತಮ್ಮ ಬದುಕು ಅದೃಷ್ಟದ ಮೇಲೆ ನಿಂತದ್ದೆಂದು ಅವರು ಒಳಗೊಳಗೇ ಅಳುಕುತ್ತಿದ್ದರು. ಅದು ಒಬ್ಬರ ಒಳ್ಳೆಯತನದ ಮೇಲೆ ನಿಂತಿತ್ತು.

ಲೋಹಪೂರಕ ಇನ್ನು ಮುಂದೆ ಏನನ್ನಾದರೂ ಮುಚ್ಚುವ ಮೊದಲು ಅದು ಸವೆತವೋ ಕೈಕೆಲಸವೋ ಎಂದು ಕೇಳಬೇಕು. ಇಂದುಧರರು ಅಲ್ಲೇ ಟಿಪ್ಪಣಿ ಮಾಡಿಕೊಂಡರು. ಸವೆತ ಅಳಿಸಲೆಂದು ಕಟ್ಟಿದ ಯಂತ್ರ ಅಳಿಸಿಹೋದ ಕೈಗಳನ್ನು ಹುಡುಕಿಕೊಡಬಲ್ಲದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಫಕೀರವ್ವ ಸೆರಗು ಬಿಗಿದು ಸೀಟಿಗೆ ಹತ್ತಿದರು.

“ನಿಮಗ ಕೈ ಮುಗಿಯೂದು ನಲವತ್ತು ವರ್ಷ ತಡ ಆತ್ರಿ, ಅಕ್ಕಾರ,” ಎಂದರು ದಾವಲ್‌ಸಾಬರು.

“ಜ್ವಾಳಕ್ಕ ತಡ ಆಗಿಲ್ಲಲ್ಲ? ಹತ್ತರಿ, ಹತ್ತರಿ,” ಎಂದು ಫಕೀರವ್ವ ಗೇರು ಹಾಕಿದರು. ದಾವಲ್‌ಸಾಬರು ಮಡ್‌ಗಾರ್ಡ್ ಹಿಡಿದು ಹತ್ತಿ ಅವರ ಪಕ್ಕದಲ್ಲಿ ಕುಳಿತರು. ಬೀಜ ಬಿತ್ತುವ ಕೂರಿಗೆ ಎಳೆದುಕೊಂಡು ಟ್ರ್ಯಾಕ್ಟರ್ ಮೊದಲ ಹೊಲದತ್ತ ಹೊರಟಿತು.