ತಡವಾಗಿ ಹೊರಟದ್ದು ಮೊದಲು ಬಂತು

“ನಿಮ್ಮ ಯಂತ್ರದಲ್ಲಿ ತಾಯಿಗಿಂತ ಮೊದಲು ಮಗು ಹುಟ್ಟುತ್ತೆ! ಕೈ ಇರೋದು ಕೆಲಸಕ್ಕಾ, ಜೇಬಲ್ಲಿ ಇಟ್ಕೊಳ್ಳೋಕಾ?”

ತಂಡದವರೆಲ್ಲರ ಎದುರು ಅವಳ ಮಾತು ಚಾಟಿಯಂತೆ ಬಿತ್ತು. ಯಾರೋ ಕಿಸಕ್ಕೆಂದರು. ಅವನು ಜೇಬಿನಿಂದ ಕೈ ತೆಗೆದು ಯಂತ್ರದ ಕಡೆ ಬಗ್ಗಿದ. ಪ್ರಯೋಗಾಲಯದಲ್ಲಿ ಅವನಿಗೆ ‘ಮೌನಿ’ ಎಂದೇ ಹೆಸರು.

ಅವರ ಕೆಲಸವೇ ವಿಚಿತ್ರ. ಎಕ್ಸ್-ರೇ ಹೊಡೆತಕ್ಕೆ ಪರಮಾಣುವಿನ ಒಳಮನೆಯಿಂದ ಒಂದು ಎಲೆಕ್ಟ್ರಾನ್ ಹೊರಬೀಳುತ್ತದೆ. ಆ ಖಾಲಿ ಜಾಗವನ್ನು ಪರಮಾಣು ಸಹಿಸದು. ತನ್ನದೇ ಹೊರಸುತ್ತಿನದೊಂದನ್ನು ಒಳಗೆಳೆದುಕೊಂಡು, ಮತ್ತೊಂದನ್ನು ಆಚೆ ದಬ್ಬುತ್ತದೆ. ಈ ಎರಡು ನಿರ್ಗಮನಗಳ ನಡುವೆ ಎಷ್ಟು ಹೊತ್ತು? ಅದರ ಮುಂದೆ ಕಣ್ಣೆವೆ ಮಿಟುಕಿಸುವುದೂ ಒಂದು ಯುಗ! ಅದನ್ನು ಅಳೆಯಲೆಂದೇ ಇಬ್ಬರೂ ಎರಡು ವರ್ಷದಿಂದ ಒಂದೇ ಮೇಜಿಗೆ ಅಂಟಿಕೊಂಡಿದ್ದರು.

ಇವತ್ತು ನೋಡಿದರೆ, ಆಮೇಲೆ ಹೊರಡಬೇಕಾದದ್ದು ಮೊದಲೇ ಬಂದು ಕೂತಿದೆ! ಎಲೆಕ್ಟ್ರಾನ್ ಹಿಡಿಯುವ ಯಂತ್ರ ಜೋಡಿಸಿದವನು ಅವನೇ.

“ಇವನು ನಾಳೆಯಿಂದ ಬೇರೆ ತಂಡಕ್ಕೆ ಹೋಗಲಿ,” ಎಂದರು ತಂಡದ ಮುಖ್ಯಸ್ಥೆ, ಸಾರಿಗೆ ಉಪ್ಪು ಹಾಕಿದಷ್ಟು ಸಲೀಸಾಗಿ.

ಅವಳು ಥಟ್ಟನೆ ಅವನತ್ತ ತಿರುಗಿದಳು. ಬೇರೆ ತಂಡ ಅಂದ್ರೆ... ಬೇರೆ ಕಟ್ಟಡ... ಪಕ್ಕದ ಕುರ್ಚಿ ಖಾಲಿ!

ಬೈದದ್ದು ಬಾಯಿ. ಸಂಕಟಪಟ್ಟದ್ದು ಮನಸ್ಸು. ಓದಿದವರ ಬಾಯಿಗೂ ಒಂದು ಬೀಗ ಬೇಡವೇ?

ಮಧ್ಯಾಹ್ನ ಅವನು ನೆಲದ ಮೇಲೆ ಕೂತು ಒಂದೊಂದೇ ಕೇಬಲ್ ಕಳಚಿ ನೋಡುತ್ತಿದ್ದ.

“ಏನಾದ್ರೂ ಸಿಕ್ತಾ?” ಎಂದಳು ಅವಳು, ಬಳಿಗೆ ಬಂದು.

“ಇಲ್ಲ. ಆದ್ರೂ ತಪ್ಪು ನಂದೇ ಇರಬಹುದು ರೀ.”

ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಿತ್ತು! ಅವಳು ಕಣ್ಣೊರೆಸಿಕೊಂಡು, ಬೆಳಗಿನ ಅಳತೆಯನ್ನು ಮೊದಲಿಂದ ತೆರೆದಳು.

ಎಕ್ಸ್-ರೇ ಶಕ್ತಿ... ಅಯ್ಯೋ! ಅದನ್ನು ತಗ್ಗಿಸಿದ್ದು ತಾನೇ ಅಲ್ಲವೇ?

ಅಷ್ಟು ಕಡಿಮೆ ಶಕ್ತಿಗೆ ಮೊದಲ ಎಲೆಕ್ಟ್ರಾನ್ ಹೇಗೋ ಹೊಸ್ತಿಲು ದಾಟಿ, ಕಾಲೆಳೆಯುತ್ತ ಹೊರಟಿದೆ. ಎರಡನೆಯದು ತಡವಾಗಿ ಹೊರಟರೂ ನಾಗಾಲೋಟ; ದಾರಿಯಲ್ಲೇ ಅದನ್ನು ಹಿಂದೆ ಹಾಕಿದೆ! ಪರಮಾಣುವಿನ ಸೆಳೆತ ಹೆಚ್ಚಿ ಹಿಂದೆ ಬಿದ್ದದ್ದರ ವೇಗ ಇನ್ನಷ್ಟು ಕುಂದಿದೆ, ಸೆಳೆತ ಸಡಿಲಿ ಮುಂದೆ ಹೋದದ್ದರದು ತುಸು ಏರಿದೆ. ಪರದೆಯ ಗೆರೆಗಳಲ್ಲಿ ಎರಡೂ ಸ್ಪಷ್ಟ. ಮೊದಲು ಬಂದದ್ದೇ ಮೊದಲು ಹೊರಟದ್ದೆಂದು ನಂಬಿ ಕೂತ ಮಂಕು ತಾನು!

ಚಹಾದ ಹೊತ್ತಿಗೆ ಎಲ್ಲರೂ ಸೇರಿದ್ದರು. ಅವಳು ನೇರ ಹೋಗಿ ನಿಂತಳು.

“ಯಂತ್ರ ಸರಿಯಾಗೇ ಇದೆ ಮೇಡಂ. ಲೆಕ್ಕ ತಪ್ಪಿದ್ದು ನಾನು. ಬೈದದ್ದೂ ನಾನೇ... ಇವರನ್ನ ಕಳಿಸ್ಬೇಡಿ.”

ಮುಖ್ಯಸ್ಥೆ ಗೆರೆಗಳನ್ನು ನೋಡಿ ಕನ್ನಡಕ ತೆಗೆದರು. “ಸರಿ, ಇಲ್ಲೇ ಇರಲಿ. ತಾಯಿ, ಇನ್ಮೇಲೆ ಮೊದಲು ಲೆಕ್ಕ, ಆಮೇಲೆ ನಾಲಿಗೆ!”

ನಗುವಿನ ನಡುವೆ ಅವನು ಎದ್ದು ಹೋದ. ಅವಳು ಓಡಿಹೋಗಿ ಪಡಸಾಲೆಯಲ್ಲಿ ತಡೆದಳು.

“ಕೋಪ ಇದ್ರೆ ಬೈದುಬಿಡಿ...”

“ಕೋಪ ಇಲ್ಲ. ನೀವು ಅಷ್ಟು ಜನರ ಮುಂದೆ ತಪ್ಪು ಒಪ್ಕೊಂಡ್ರಿ... ಕಣ್ಣು ತುಂಬಿ ಬಂತು, ಅದಕ್ಕೆ ಎದ್ದೆ.”

“ಹಾಗಾದ್ರೆ ಕೇಳಿಬಿಡ್ತೀನಿ. ನೀವಿಲ್ಲದ ಮೇಜು ನನಗೆ ಬೇಡ. ನೀವಿಲ್ಲದ ಮನೆಯೂ... ನನ್ನನ್ನ ಮದುವೆ ಆಗ್ತೀರಾ?”

ಅವನ ಕಿವಿ ಕೆಂಪಾಯಿತು. ಮೊಬೈಲ್ ಕಿವಿಗಿಟ್ಟು ನಡೆದೇಬಿಟ್ಟ!

ಅವಳು ಕಲ್ಲಾಗಿ ನಿಂತಳು. ಅಷ್ಟರಲ್ಲಿ ಅವನ ದನಿ...

“ಅಮ್ಮಾ, ಭಾನುವಾರ ಊಟಕ್ಕೆ ಇಬ್ಬರು ಬರ್ತೀವಿ... ಹ್ಞೂಂ, ಅವಳೇ... ಇಲ್ಲಮ್ಮ, ಒಪ್ಪಿದ್ದೀನಿ ಅಂತ ಅವಳಿಗಿನ್ನೂ ಹೇಳಿಲ್ಲ!”

“ರೀ, ಕೇಳಿಸ್ತು!” ಎಂದಳು ಅವಳು, ಅಳುತ್ತಲೇ ನಗುತ್ತ.

ಅವನು ತಿರುಗಿಯೂ ನೋಡದೆ, ಸಂತೋಷಕ್ಕೆ ಎಡವುತ್ತ ನಡೆದ.