ಗಟ್ಟಿಯಾಗದ ಅರ್ಧ ಛಾವಣಿ

"ಅಕ್ಕಾ, ನನ್ನ ಬುಗುರಿಗೆ ಸರಪಳಿ ಬಿಗಿದು ಬೀಗ ಹಾಕ್ಬಿಟ್ಟವ್ರೆ!"

ಬಾಗಿಲಲ್ಲಿ ನಿಂತಿದ್ದವನು ಫಿದೆನ್ಸಿಯೊ. ಲಿಮಾ ನಗರದ ಆ ಗುಡ್ಡದ ಜನ ಮನೆಗೆ ಛಾವಣಿ ಹಾಕುವಾಗ ಕಾಂಕ್ರೀಟ್ ಮಿಕ್ಸರ್ ತರುತ್ತಿದ್ದುದು ಅವನಿಂದಲೇ. ಹೊಟ್ಟೆ ಉಬ್ಬಿಸಿಕೊಂಡು ಗರಗರ ತಿರುಗುವ ಆ ಯಂತ್ರವನ್ನು ಅಲ್ಲಿ ಎಲ್ಲರೂ ಬುಗುರಿ ಎಂದೇ ಕರೆಯುತ್ತಿದ್ದರು.

ಸೆನೋಬಿಯಾ ಕಾಫಿ ಲೋಟ ಕೆಳಗಿಟ್ಟಳು. ಪೊಲೀಸ್ ತನಿಖಾ ವಿಭಾಗದಿಂದ ನಿವೃತ್ತಳಾಗಿ ಎಷ್ಟೋ ಕಾಲವಾಗಿದ್ದರೂ, ಗುಡ್ಡದಲ್ಲಿ ಏನೇ ಬಗೆಹರಿಯದಿದ್ದರೂ ಜನ ಹತ್ತಿ ಬರುತ್ತಿದ್ದುದು ಅವಳ ಮನೆಗೆ. ಎದುರಿಗೆ ಕೂತಿದ್ದ ನೆಮೆಸಿಯೊ ಒಂದು ಕಾಲದ ಅಂಚೆಯವನು. ಹೆಂಡತಿ ತೀರಿಕೊಂಡ ಮೇಲೆ ದಿನಾ ಬೆಳಗ್ಗೆ ಬ್ರೆಡ್ ಕೊಡುವ ನೆಪದಲ್ಲಿ ಬರುತ್ತಿದ್ದ. ಅದು ನೆಪವೆಂದು ಅವಳಿಗೂ ಗೊತ್ತಿತ್ತು, ಆಡಿ ತೋರಿಸುತ್ತಿರಲಿಲ್ಲ.

"ಕೂತ್ಕೊ ಮಾರಾಯ. ಎಲ್ಲಿ, ಎವುದೋಸಿಯಾ ಮನೇಲಾ?"

"ಹೂಂ. ನಿನ್ನೆ ಹಾಕಿದ ಛಾವಣಿ ಅರ್ಧಕ್ಕರ್ಧ ಇನ್ನೂ ನಾದಿದ ಹಿಟ್ಟಿನ ಥರ ಇದೆ. ಅವಳ ತಮ್ಮ ತೆಯೋಫಿಲೊ ನನ್ನ ಮಿಕ್ಸರೇ ಸರಿ ಇಲ್ಲ ಅಂತಾನೆ. ಎಲ್ಲ ಒಡೆದು ಹಾಕಿಸ್ತೀನಿ, ಬುಗುರೀನ ಗುಡ್ಡದಿಂದ ಕೆಳಗೆ ಉರುಳಿಸ್ತೀನಿ ಅಂತ ಕುಣೀತಿದಾನೆ."

ಹಿಂದಿನ ದಿನ ಇಡೀ ಬೀದಿಯೇ ಕಾಂಕ್ರೀಟಿನ ಬಾಂಡ್ಲಿ ಹೊತ್ತಿತ್ತು. ನೆಮೆಸಿಯೊನೂ ಹೊತ್ತಿದ್ದ. ಅಷ್ಟು ಜನರ ನಡುವೆ ಅವನು ನಕ್ಕು ಬಹಳ ದಿನವಾಗಿತ್ತು. ಆ ಛಾವಣಿ ಕೆಟ್ಟಿತೆಂದು ಕೇಳಿ ಅವನೂ ಅವರ ಜೊತೆ ಹೊರಟ.

ಚಳಿಗಾಲದ ಮಂಜು ಗುಡ್ಡವನ್ನು ಮುಚ್ಚಿತ್ತು. ಮೂವರೂ ಏಣಿ ಹತ್ತಿದರು. ಸೆನೋಬಿಯಾ ಬೀದಿಯ ಕಡೆಯ ಕಾಂಕ್ರೀಟನ್ನು ಸುತ್ತಿಗೆಯಿಂದ ತಟ್ಟಿದಳು, ಕಲ್ಲಿನಂತೆ ಟಣ್ಣೆಂದಿತು. ಹಿತ್ತಲ ಕಡೆ ಹೆಬ್ಬೆರಳು ಒತ್ತಿದಳು; ಒಳಗಿಳಿಯಿತು.

"ಯಾವ ಭಾಗ ಯಾವಾಗ ಹಾಕಿದ್ದು?"

"ಬೀದಿ ಕಡೇದು ಊಟಕ್ಕೆ ಮುಂಚೆ, ಹಿತ್ತಲ ಕಡೇದು ಊಟ ಆದ್ಮೇಲೆ," ಎಂದ ಮೇಲೆ ಮೊದಲೇ ಬಂದು ನಿಂತಿದ್ದ ತೆಯೋಫಿಲೊ. "ಸಣ್ಣ ಕರೆಂಟಿನ ಮಿಕ್ಸರ್ ಸಾಕು ಅಂತ ಬಡ್ಕೊಂಡೆ. ಈ ದೊಡ್ಡ ಮನುಷ್ಯ ಪೆಟ್ರೋಲಿನದೇ ಬೇಕು ಅಂದ."

"ಈ ಗುಡ್ಡದ ಕರೆಂಟು ನಂಬ್ಕೊಂಡ್ರೆ ತುಂಬಿದ ಬುಗುರಿ ನಡುವೆ ನಿಂತು ಹೋಗುತ್ತೆ," ಫಿದೆನ್ಸಿಯೊ ಸಿಡುಕಿದ. "ಸಣ್ಣದ್ರಲ್ಲಿ ಒಂದು ಮೂಟೆ ಸಿಮೆಂಟೂ ಸರಿಯಾಗಿ ಹಿಡಿಯಲ್ಲ. ಛಾವಣಿ ಅಂದ್ಮೇಲೆ ನಿಲ್ಲಿಸದೆ ಹಾಕ್ಬೇಕು. ಊಟಕ್ಕೆ ಹೋಗುವಾಗ ಜಲ್ಲಿ, ನೀರು ಹಾಕಿ ತಿರುಗಿಸಿ ಬುಗುರೀನ ತೊಳೆದೇ ಹೋಗಿದ್ದು. ಮಧ್ಯಾಹ್ನದ ಕೆಲಸಕ್ಕೆ ಎರಡನೇ ಪೀಪಾಯಿಗೂ ನೀರು ತುಂಬಿಸಿಟ್ಟಿದ್ದೆ."

ಸೆನೋಬಿಯಾ ಕೆಳಗಿಳಿದು ಬೀದಿಯಲ್ಲಿದ್ದ ಮಿಕ್ಸರಿನ ಹೊಟ್ಟೆಯೊಳಗೆ ಕೈಹಾಕಿ ಅಲಗುಗಳನ್ನು ಮುಟ್ಟಿ ನೋಡಿದಳು. ಮೇಲಿಂದ ಕಿತ್ತು ತಂದಿದ್ದ ಒಂದು ಹಿಡಿ ಮೆತ್ತಗಿನ ಕಾಂಕ್ರೀಟನ್ನು ಬಿಡಿಸಿದಳು. ಪ್ರತಿ ಜಲ್ಲಿಗೂ ಸಿಮೆಂಟು ಸಮವಾಗಿ ಅಂಟಿತ್ತು. ಆಮೇಲೆ ಎರಡು ಖಾಲಿ ಪೀಪಾಯಿಗಳ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಒಂದರ ಅಂಚಿನಲ್ಲಿ ಮಾತ್ರ ಇರುವೆಗಳು ಸಾಲುಗಟ್ಟಿದ್ದವು.

"ನೆಮೆಸಿಯೊ, ನಿನ್ನೆ ಊಟ ಹೇಗಿತ್ತು?"

ಈ ಹೊತ್ತಿನಲ್ಲಿ ಊಟದ ಮಾತೇಕೆಂದು ಅವನಿಗೆ ತಿಳಿಯಲಿಲ್ಲ. "ಊಟ ಚೆನ್ನಾಗಿತ್ತು. ನೇರಳೆ ಜೋಳದ ಪಾನಕ ಬೆಳಗ್ಗೆ ಜೇನಿನ ಹಾಗಿತ್ತು. ಊಟ ಆದ್ಮೇಲೆ ಬಂದ ಎರಡನೇ ಪಾತ್ರೇದು ಬರೀ ಹುಳಿ. ಸಕ್ಕರೆ ಮುಗಿದೋಯ್ತು ಅಂದ್ಳು ಅಡುಗೆ ನೋಡ್ಕೊಂಡಿದ್ದ ಒಲಿಂದಾ."

"ಊಟದಲ್ಲಿ ಏನು ಮಾತಾಯ್ತು?"

"ಎವುದೋಸಿಯಾ ಸಂತೋಷದ ಸುದ್ದಿ ಹೇಳಿದ್ಳು. ಆಯಾಕುಚೊದಿಂದ ಅವಳ ತಂಗಿ ಬಂದು ಮಹಡಿ ಮೇಲೆ ಇರ್ತಾಳಂತೆ. ಅವಳ ಮಿಷನ್ನೂ ಕೆಳಗಿನ ಕೋಣೇಲಿಟ್ಟು ಇಬ್ಬರೂ ಸೇರಿ ಹೊಲಿಗೆ ಮಾಡ್ತಾರಂತೆ. ಎಲ್ಲರೂ ಚಪ್ಪಾಳೆ ಹೊಡೆದ್ರು, ತೆಯೋಫಿಲೊ ಊಟ ಮುಗಿಯೋವರೆಗೂ ಗಿಟಾರ್ ಬಾರಿಸ್ತಾನೇ ಇದ್ದ."

ಸೆನೋಬಿಯಾ ಎದ್ದು, ಎಲ್ಲರನ್ನೂ ಕರೆಸಲು ಹೇಳಿದಳು.

ಮಧ್ಯಾಹ್ನ ಎಲ್ಲರೂ ಕೆಳಗಿನ ಕೋಣೆಯಲ್ಲಿ ಸೇರಿದರು. ಎವುದೋಸಿಯಾ ತನ್ನ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅದರ ಪಕ್ಕದ ಯಂತ್ರ ಒಲಿಂದಾಳದು. ಗಾರೆ ಕೆಲಸದ ಗಂಡ ಸತ್ತಾಗಿನಿಂದ ಆಕೆ ದಿನವೆಲ್ಲ ಇಲ್ಲೇ ಕೂತು ಶಾಲೆ ಮಕ್ಕಳ ಸಮವಸ್ತ್ರ ಹೊಲಿದು, ರಾತ್ರಿ ಇಲ್ಲೇ ಉಂಡು, ಮಲಗಲಷ್ಟೇ ಪಕ್ಕದ ಮನೆಗೆ ಹೋಗುತ್ತಿದ್ದಳು.

"ಮೊದಲು ಆ ಸರಪಳಿ ಬಿಚ್ಚಿ," ಎಂದಳು ಸೆನೋಬಿಯಾ. "ಮಿಕ್ಸರ್ ಕೆಟ್ಟಿದ್ರೆ ಕಲಸಿದ್ದು ಗಂಟುಗಂಟಾಗಿರ್ತಿತ್ತು. ಇಲ್ಲಿ ಒಂದು ಜಲ್ಲೀನೂ ಸಿಮೆಂಟ್ ಅಂಟದೆ ಉಳಿದಿಲ್ಲ."

"ಹಾಗಾದ್ರೆ ಮಂಜು," ಎಂದ ತೆಯೋಫಿಲೊ.

"ಮಂಜು ಅರ್ಧ ಛಾವಣಿ ಮೇಲೆ ಮಾತ್ರ ಬೀಳುತ್ತಾ? ಸಿಮೆಂಟ್ ಅದೇ, ಮರಳು ಅದೇ, ಯಂತ್ರ ಅದೇ. ಬದಲಾಗಿದ್ದು ನೀರು ಒಂದೇ. ಎರಡನೇ ಪೀಪಾಯಿಗೆ ಇರುವೆ ಮುತ್ತಿದೆ. ಸಕ್ಕರೆ ಬಿದ್ರೆ ಸಿಮೆಂಟ್ ಬಿಗಿಯೋದು ಬಹಳ ತಡ ಆಗುತ್ತೆ. ಎವುದೋಸಿಯಾ, ನೀನು ಸಕ್ಕರೆ ಕಡಿಮೆ ತಂದಿದ್ದಾ?"

"ಇಲ್ಲಪ್ಪ! ಎರಡು ಪಾತ್ರೆಗೂ ಆಗಿ ಮಿಗೋಷ್ಟು ತಂದಿದ್ದೆ."

"ಗಂಡಸರು ಊಟಕ್ಕೆ ಕೂತೋರು ಎದ್ದಿಲ್ಲ. ತೆಯೋಫಿಲೊ ಗಿಟಾರ್ ಕೆಳಗಿಟ್ಟೇ ಇಲ್ಲ. ಬೆಳಗ್ಗೆ ಪಾನಕ ಸಿಹಿಯಾಗಿತ್ತು ಅಂದ್ರೆ ಈ ಯೋಚನೆ ಬೆಳಗ್ಗೆ ಇರ್ಲಿಲ್ಲ. ತಂಗಿ ಬರೋ ಸುದ್ದಿ ಕೇಳಿದ್ಮೇಲೆ ಹುಟ್ಟಿದ್ದು. ಅಡುಗೆಮನೇಲಿ ಸಕ್ಕರೆ ಇದ್ದಿದ್ದು ಒಬ್ಬಳ ಕೈಲಿ. ಗಾರೆಯವನ ಹೆಂಡತಿಯಾಗಿ ಸಕ್ಕರೆ ಏನು ಮಾಡುತ್ತೆ ಅಂತ ಗೊತ್ತಿದ್ದಿದ್ದೂ ಅವಳಿಗೇ."

ಎಲ್ಲರೂ ಒಲಿಂದಾಳತ್ತ ತಿರುಗಿದರು. ಆಕೆ ಮಡಿಲಲ್ಲಿದ್ದ ಬಟ್ಟೆಯ ಮಡಿಕೆಗಳನ್ನು ನೇವರಿಸುತ್ತಿದ್ದಳು.

"ಕಲಸಿದ ಸಿಮೆಂಟ್ ಹತ್ರ ಪಾನಕ ಕುಡಿದ್ರೂ, ಸಿಹಿ ಬಿದ್ರೆ ಕೆಡುತ್ತೆ ಅಂತ ನಮ್ಮನೆಯವರು ಬೈತಿದ್ರು," ಎಂದಳು ಕೊನೆಗೆ. "ತಂಗಿ ಬರೋದು ನಾಲ್ಕು ದಿನ ತಡ ಆಗ್ಲಿ ಅಂದ್ಕೊಂಡೆ ಅಷ್ಟೇ. ಎವುದೋಸಿಯಾ, ಇಲ್ಲಿ ನಿನ್ನ ಪಕ್ಕ ಅವಳ ಮಿಷನ್ ಇಡ್ತೀನಿ ಅಂದ್ಯಲ್ಲ, ಅದು ನನ್ನ ಮಿಷನ್ ಇರೋ ಜಾಗ. ನನ್ನನ್ನ ಒಂದು ಮಾತೂ ಕೇಳ್ಲಿಲ್ಲ."

"ಕೇಳ್ಬೇಕು ಅಂತ ಹೊಳೀಲೇ ಇಲ್ವಲ್ಲೇ," ಎಂದಳು ಎವುದೋಸಿಯಾ. ಆ ಮಾತು ಒಲಿಂದಾಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತೆಂದು ನೆಮೆಸಿಯೊನಿಗೆ ಅನ್ನಿಸಿತು.

ಛಾವಣಿ ಒಡೆಯಬೇಡಿ, ಕೆಳಗಿನ ಸೆಂಟ್ರಿಂಗ್ ಹಲಗೆ ಬಿಚ್ಚಬೇಡಿ, ನೀರು ಆರಲು ಬಿಡಬೇಡಿ ಎಂದು ಫಿದೆನ್ಸಿಯೊ ತಾನೇ ಹೇಳಿದ. ವಾರ ಕಳೆಯುವಷ್ಟರಲ್ಲಿ ಹಿತ್ತಲ ಕಡೆಯದೂ ಗಟ್ಟಿಯಾಯಿತು. ತೆಯೋಫಿಲೊ ಅವನಿಗೆ ಬಿಯರ್ ಕುಡಿಸಿ ರಾಜಿಯಾದ. ತಂಗಿ ಬಂದಳು. ಒಲಿಂದಾಳ ಯಂತ್ರವನ್ನು ಯಾರೋ ಹೊತ್ತು ಅವಳ ಮನೆಗೆ ಬಿಟ್ಟು ಬಂದರು. ಬೀದಿಯಲ್ಲಿ ಅವಳನ್ನು ಯಾರೂ ಬೈಯಲಿಲ್ಲ, ಯಾರೂ ಮಾತಾಡಿಸಲಿಲ್ಲ.

"ಒಲಿಂದಾ ಯಾಕೆ ಹಾಗೆ ಮಾಡಿದ್ಳು ಅಂತ ಹೇಗೆ ಹೊಳೀತು ನಿಮಗೆ?" ಒಂದು ಬೆಳಗ್ಗೆ ನೆಮೆಸಿಯೊ ಕೇಳಿದ.

ಸೆನೋಬಿಯಾ ಅವನು ತಂದ ಬ್ರೆಡ್ ಮುರಿಯುತ್ತ, "ನಾನೂ ಒಬ್ಬಳೇ ಉಣ್ಣೋಳಲ್ವಾ," ಎಂದಳು.

ಅಂದು ಅವನು ಮನೆಗೆ ಹೋದವನು ಅಲ್ಲೇ ಕೂರಲಿಲ್ಲ. ಪೆಟ್ಟಿಗೆಯ ತಳದಿಂದ ಹಳೆಯ ಪ್ಯಾಂಟೊಂದನ್ನು ತೆಗೆದುಕೊಂಡು ಹೋಗಿ ಒಲಿಂದಾಳ ಬಾಗಿಲು ತಟ್ಟಿದ. ಒಳಗೆ ಯಂತ್ರದ ಸದ್ದಿರಲಿಲ್ಲ. ಬಹಳ ಹೊತ್ತಿನ ಮೇಲೆ ಕದ ತೆರೆಯಿತು.

"ಉದ್ದ ಜಾಸ್ತಿ ಆಗಿದೆ. ಸ್ವಲ್ಪ ಮಡಿಸಿ ಹೊಲಿದುಕೊಡ್ತೀರಾ?"

ಅವಳು ಪ್ಯಾಂಟನ್ನು ಅವನ ಕಾಲಿಗೆ ಹಿಡಿದು ನೋಡಿದಳು. ಉದ್ದ ಸರಿಯಾಗಿಯೇ ಇತ್ತು.

"ಒಳಗೆ ಬನ್ನಿ," ಎಂದಳು. "ಹೊಲಿಯೋಕೆ ಸ್ವಲ್ಪ ಹೊತ್ತಾಗುತ್ತೆ."